ರೋಡ್ ಬೈಕಿಗೆ ಯಾವ ಶಿಫ್ಟರ್? ನಮ್ಮ ಕಡೆಯ ರಸ್ತೆ, ಧೂಳು, ಜೇಬು ನೋಡಿ ಆರಿಸುವುದು

ರೋಡ್ ಬೈಕ್ ಕೊಳ್ಳಲು ಹೊರಟವರು ಮೊದಲು ಫ್ರೇಮ್ ನೋಡುತ್ತಾರೆ. ಆಮೇಲೆ ತೂಕ, ಚಕ್ರ, ಬಣ್ಣ. ಗೇರು ಬದಲಿಸುವ ಲಿವರ್, ಅಂದರೆ ಶಿಫ್ಟರ್ ಬಗ್ಗೆ ವಿಚಾರಿಸುವುದು ಎಲ್ಲಾ ಮುಗಿದ ಮೇಲೆ. ಆದರೆ ಸವಾರಿ ಶುರುವಾದರೆ ಬೆರಳು ಮತ್ತೆ ಮತ್ತೆ ಹೋಗುವುದು ಅಲ್ಲಿಗೇ. ಕೆಟ್ಟರೆ ಜಾಸ್ತಿ ತಲೆನೋವು ಕೊಡುವುದೂ ಅದೇ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಮೂರು. ಹಿರಿಯ ಸವಾರರಿಂದ ಬಂದ ಹಳೆಯ ಸೈಕಲ್ ಇದೆ, ಗೇರಿನ ಲಿವರ್ ಹ್ಯಾಂಡಲ್ ಮೇಲಲ್ಲ, ಫ್ರೇಮಿನ ಡೌನ್‌ಟ್ಯೂಬ್‌ನಲ್ಲಿದೆ, ಬದಲಾಯಿಸಬೇಕಾ? ಹೊಸದು ತಗೊಳ್ಳುವುದಾದರೆ ಶಿಮಾನೊ ಕಂಪನಿಯ ಕೆಳ ದರ್ಜೆಯ ಕ್ಲಾರಿಸ್ ಸಾಕಾ, ಮೇಲಿನ ದರ್ಜೆಯ 105ರ ತನಕ ಹೋಗಬೇಕಾ? ಎಲೆಕ್ಟ್ರಾನಿಕ್ ಶಿಫ್ಟರ್‌ಗೆ ಅಷ್ಟು ರೊಕ್ಕ ಹಾಕುವುದು ಸರಿಯಾ? ಮೂರಕ್ಕೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ನಿಮ್ಮ ರಸ್ತೆ ಯಾವುದು, ರಿಪೇರಿ ಮಾಡುವವರು ಯಾರು ಅನ್ನುವುದರ ಮೇಲೆ ಉತ್ತರ ನಿಂತಿದೆ.

ಮೊದಲು ಏನೇನು ನೋಡಬೇಕು

ಒಂದು, ಗೇರು ಬದಲಿಸಲು ಹ್ಯಾಂಡಲ್‌ನಿಂದ ಕೈ ತೆಗೆಯಬೇಕಾ ಅನ್ನುವುದು. ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ ದಾರಿಯ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸೈಕಲ್ ಹೊಡೆದವರಿಗೆ ಇದು ಗೊತ್ತು. ಲಾರಿ ಪಕ್ಕದಲ್ಲಿ ಹಾದುಹೋದಾಗ ಗಾಳಿ ಮೊದಲು ಒಳಗೆ ಎಳೆಯುತ್ತದೆ, ಆಮೇಲೆ ಹೊರಗೆ ತಳ್ಳುತ್ತದೆ. ಕೊಲ್ಹಾರದ ಕೃಷ್ಣಾ ಸೇತುವೆ ಮೇಲೆ ಅಡ್ಡಗಾಳಿ ತಡೆಯಲು ಒಂದು ಮರವೂ ಇಲ್ಲ. ಅಂಥ ಕಡೆ ಒಂದು ಕೈಯಲ್ಲಿ ಸೈಕಲ್ ಹಿಡಿಯುವುದು ಸಣ್ಣ ಮಾತಲ್ಲ.

ಎರಡು, ಧೂಳು ಮತ್ತು ಮಳೆ. ವಿಜಯಪುರದ ಎರೆಮಣ್ಣಿನ ಧೂಳು ಬಹಳ ನುಣುಪು. ಕೇಬಲ್ ಹೋಗುವ ಕೊಳವೆಯೊಳಗೆ ಸೇರುತ್ತದೆ, ಗ್ರೀಸಿಗೆ ಅಂಟಿಕೊಳ್ಳುತ್ತದೆ. ಬೆಳಗಾವಿಯ ಕಥೆ ಬೇರೆ. ಖಾನಾಪುರ, ಜಾಂಬೋಟಿ ಕಡೆ ಮಳೆಗಾಲದಲ್ಲಿ ಎಲ್ಲವೂ ನೆನೆಯುತ್ತದೆ, ಕೇಬಲ್ ತುಕ್ಕು ಹಿಡಿಯುತ್ತದೆ.

ಮೂರು, ಕೆಟ್ಟರೆ ಯಾರು ಸರಿಮಾಡುತ್ತಾರೆ. ಈ ಮಾನದಂಡವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಬೆಂಗಳೂರಿನಲ್ಲಿ ಒಂದೇ ದಿನದಲ್ಲಿ ಸಿಗುವ ಭಾಗ ಜಮಖಂಡಿಗೆ ಕೊರಿಯರ್‌ನಲ್ಲಿ ಬರಬೇಕು. ಸ್ಪರ್ಧೆ ಭಾನುವಾರ ಇದ್ದು ಭಾಗ ಮಂಗಳವಾರ ಬಂದರೆ ಏನು ಉಪಯೋಗ?

ಆಮೇಲೆ ಬಿದ್ದಾಗ ಆಗುವ ನಷ್ಟ, ನಿಮ್ಮ ಅಂಗೈ ಗಾತ್ರ, ಈಗಿರುವ ಡಿರೇಲರ್‌ಗೆ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಭಾಗ) ಶಿಫ್ಟರ್ ಹೊಂದುತ್ತದಾ ಅನ್ನುವುದು. ಬೆಲೆ ಇವೆಲ್ಲದರ ಜೊತೆಗೇ ಬರುತ್ತದೆ. ಕೊಳ್ಳುವ ಬೆಲೆಯನ್ನಷ್ಟೇ ನೋಡಬೇಡಿ. ಒಂದು ಕಡೆಯ ಲಿವರ್ ಒಡೆದರೆ ಎಷ್ಟಾಗುತ್ತದೆ ಅಂತ ಅಂಗಡಿಯಲ್ಲೇ ಕೇಳಿ.

ಡೌನ್‌ಟ್ಯೂಬ್ ಶಿಫ್ಟರ್

ಫ್ರೇಮಿನ ಕೆಳಗಿನ ಓರೆ ಕೊಳವೆ ಮೇಲೆ ಎರಡು ಸಣ್ಣ ಲಿವರ್. ಹಳೆಯ ರೇಸಿಂಗ್ ಸೈಕಲ್‌ಗಳಲ್ಲೆಲ್ಲಾ ಇವೇ. ಫ್ರಿಕ್ಷನ್ ಲಿವರ್‌ನಲ್ಲಿ ಕ್ಲಿಕ್ ಇರುವುದಿಲ್ಲ. ಎಳೆದಷ್ಟು ಎಳೆದು, ಚೈನಿನ ಸದ್ದು ಕೇಳಿ, ಹಲ್ಲಿಗೆ ಕೂತಿತು ಅಂತ ಗೊತ್ತು ಮಾಡಿಕೊಳ್ಳಬೇಕು. 1984ರಲ್ಲಿ ಶಿಮಾನೊ ತನ್ನ ಮೇಲಿನ ದರ್ಜೆಯ ಡುರಾ-ಏಸ್ ಜೊತೆ ಎಸ್‌ಐಎಸ್ ತಂದಿತು. ಒಂದು ಕ್ಲಿಕ್ಕಿಗೆ ಒಂದು ಗೇರು ಅನ್ನುವ ಇಂಡೆಕ್ಸ್ ಪದ್ಧತಿ ರೋಡ್ ಬೈಕ್‌ಗಳಲ್ಲಿ ಬೇರೂರಿದ್ದು ಅಲ್ಲಿಂದ.

ಇದರ ಗುಣಗಳನ್ನು ಮರೆಯಬಾರದು. ಕೇಬಲ್ ಗಿಡ್ಡ, ತಿರುವು ಕಡಿಮೆ, ಧೂಳು ಸೇರುವ ಜಾಗವೂ ಕಡಿಮೆ. ಒಳಗೆ ಮುರಿಯುವಂಥದ್ದು ಹೆಚ್ಚೇನಿಲ್ಲ. ಸೈಕಲ್ ಬಿದ್ದರೂ ಫ್ರೇಮಿನ ಆಸರೆಯಲ್ಲಿ ಉಳಿದುಕೊಳ್ಳುತ್ತದೆ. ಫ್ರಿಕ್ಷನ್ ಆದರೆ ಹಿಂದೆ 7 ಹಲ್ಲುಗಾಲಿ ಇರಲಿ, 9 ಇರಲಿ, ನಡೆಯುತ್ತದೆ. ಡಿರೇಲರ್ ಯಾವ ಕಂಪನಿಯದು ಅಂತಲೂ ಕೇಳುವುದಿಲ್ಲ. ಊರಿನ ಯಾವ ಮೆಕ್ಯಾನಿಕ್ ಆದರೂ ಸ್ಕ್ರೂ ಡ್ರೈವರ್‌ನಲ್ಲಿ ಸರಿಮಾಡುತ್ತಾನೆ.

ಆದರೆ ಪ್ರತಿ ಸಲ ಒಂದು ಕೈ ಕೆಳಗೆ ಹೋಗಲೇಬೇಕು. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಗೇರು ಬದಲಿಸಲು ಆಗುವುದಿಲ್ಲ, ಕೂರಬೇಕು. ಗುಂಪಿನಲ್ಲಿ ಒಬ್ಬ ದಿಢೀರನೆ ಮುಂದೆ ನುಗ್ಗಿದಾಗ ನಿಮ್ಮ ಕೈ ಕೆಳಗಿದ್ದರೆ ಹತ್ತು ಮೀಟರ್ ಅಂತರ ಬಿದ್ದೇಬಿಟ್ಟಿತು. ಮುಧೋಳ, ಜಮಖಂಡಿ ಕಡೆ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ಹೋಗುವಾಗ ಎರಡೂ ಕೈ ಬ್ರೇಕಿನ ಹತ್ತಿರ ಇರಬೇಕು, ಅಲ್ವಾ? ಬೆಳಗಿನ ಅಭ್ಯಾಸಕ್ಕೆ, ಊರೊಳಗಿನ ಓಡಾಟಕ್ಕೆ ಇದು ಸಾಕು. ಗುಂಪು ಸ್ಪರ್ಧೆಗೆ ಬೇಡ.

ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ ಮೇಲೆ ಕೂರುವ ಲಿವರ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಕೈ ಬ್ರೇಕಿನಿಂದ ಅಷ್ಟೇ ದೂರ ಹೋಗುತ್ತದೆ, ಮುಗ್ಗರಿಸಿದರೆ ಹೊಟ್ಟೆಗೆ ತಾಗುತ್ತದೆ. ನೇರ ಹ್ಯಾಂಡಲ್ ಸೈಕಲಿನ ಹೆಬ್ಬೆರಳು ಶಿಫ್ಟರ್ ತಂದು ಡ್ರಾಪ್ ಬಾರಿಗೆ, ಅಂದರೆ ರೋಡ್ ಬೈಕಿನ ಕೆಳಗೆ ಬಾಗಿದ ಹ್ಯಾಂಡಲಿಗೆ, ಹಾಕುವ ಯೋಚನೆಯೂ ಬೇಡ. ಅದರ ಹಿಡಿ 22.2 ಮಿಲಿಮೀಟರ್ ಕೊಳವೆಗೆ ಮಾಡಿದ್ದು, ಡ್ರಾಪ್ ಬಾರ್ 23.8 ಇರುತ್ತದೆ.

ಬಾರ್-ಎಂಡ್: ಕಡೆಗಣಿಸಿದ ಒಳ್ಳೆಯ ಆಯ್ಕೆ

ಡ್ರಾಪ್ ಬಾರಿನ ಎರಡು ತುದಿಗೆ ತೂರಿಸುವ ಲಿವರ್ ಇದು. ಬ್ರೇಕ್ ಲಿವರ್ ಬೇರೆ, ಶಿಫ್ಟರ್ ಬೇರೆ. ಹಾಗಾಗಿ ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಕೈ ಹ್ಯಾಂಡಲ್ ಮೇಲೇ ಇರುತ್ತದೆ, ಸ್ವಲ್ಪ ಕೆಳಗೆ ಜಾರಿಸಿದರೆ ಆಯಿತು. ಹಳೆಯ 8, 9 ಸ್ಪೀಡಿನ (ಅಂದರೆ ಹಿಂದೆ ಅಷ್ಟು ಹಲ್ಲುಗಾಲಿ ಇರುವ) ಶಿಮಾನೊ ಬಾರ್-ಎಂಡ್‌ಗಳಲ್ಲಿ ಇನ್ನೊಂದು ಅನುಕೂಲ ಇದೆ. ಬಲಗಡೆಯ ಲಿವರನ್ನು ಇಂಡೆಕ್ಸ್‌ನಿಂದ ಫ್ರಿಕ್ಷನ್‌ಗೆ ತಿರುಗಿಸಿಕೊಳ್ಳಬಹುದು. ಡಿರೇಲರನ್ನು ಫ್ರೇಮಿಗೆ ತೂಗುಹಾಕುವ ಹ್ಯಾಂಗರ್ ಸೊಟ್ಟಗಾಗಿ ಕ್ಲಿಕ್‌ಗಳು ತಪ್ಪಿದರೂ ಫ್ರಿಕ್ಷನ್‌ನಲ್ಲಿ ಮನೆ ಮುಟ್ಟುತ್ತೀರಿ.

ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ಹೊಡೆಯುವವರು ಇದನ್ನು ಗಂಭೀರವಾಗಿ ನೋಡಬೇಕು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಕೊಡುತ್ತಾರೆ. ಅಲ್ಲಿ ಅರ್ಧ ಸೆಕೆಂಡ್ ಬೇಗ ಗೇರು ಬೀಳುವುದಕ್ಕಿಂತ, ರಾತ್ರಿ ಎರಡು ಗಂಟೆಗೆ ನಡುದಾರಿಯಲ್ಲಿ ಗೇರು ಕೈಕೊಡದಿರುವುದು ದೊಡ್ಡದು. ಟೈಮ್ ಟ್ರಯಲ್ (ಒಬ್ಬೊಬ್ಬರೇ ಸಮಯದ ಮೇಲೆ ಹೊಡೆಯುವ ಸ್ಪರ್ಧೆ) ಸೈಕಲ್‌ನಲ್ಲೂ ಮುಂದಕ್ಕೆ ಚಾಚಿದ ಏರೋ ಬಾರಿನ ತುದಿಗೆ ಇದೇ ತರಹದ ಲಿವರ್ ಇರುತ್ತದೆ. ಮೊಣಕೈ ಊರಿ ಮಲಗಿದಂತೆ ಹೊಡೆಯುವಾಗ ಬೆರಳಿಗೆ ಸಿಗುವುದು ಆ ತುದಿ ಮಾತ್ರ. ವಿಜಯಪುರ ಕಡೆಯ ಚಪ್ಪಟೆ ರಸ್ತೆಯಲ್ಲಿ ಟೈಮ್ ಟ್ರಯಲ್ ಅಭ್ಯಾಸ ಮಾಡುವವರಿಗೆ ಇದು ಬೇಕೇ ಬೇಕು.

ಕೊರತೆಯೂ ಇದೆ. ಗೋಡೆಗೆ ಒರಗಿಸಿದಾಗ, ತಿರುಗಿಸಿದಾಗ ಮೊದಲು ತಾಗುವುದು ಈ ತುದಿ. ಬ್ರೇಕ್ ಹಿಡಿದುಕೊಂಡೇ ಗೇರು ಬದಲಿಸಲು ಆಗುವುದಿಲ್ಲ. ಗುಂಪು ಸ್ಪರ್ಧೆಯಲ್ಲಿ ಇದೂ ತಡ.

ಬ್ರೇಕ್ ಮತ್ತು ಗೇರು ಒಂದರಲ್ಲೇ

ಈಗ ಮಾರುಕಟ್ಟೆಯ ಹೆಚ್ಚಿನ ರೋಡ್ ಬೈಕ್‌ಗಳಲ್ಲಿ ಇರುವುದು ಇದೇ. 1990ರಲ್ಲಿ ಶಿಮಾನೊ ಎಸ್‌ಟಿಐ ತಂದಿತು. 1992ರಲ್ಲಿ ಕ್ಯಾಂಪನ್ಯೋಲೊ ಅರ್ಗೊಪವರ್ ಬಂತು. 2006ರಲ್ಲಿ ಎಸ್‌ರ್‍ಯಾಮ್ ಡಬಲ್‌ಟ್ಯಾಪ್ ಸೇರಿಕೊಂಡಿತು. ಮೂರರ ಕೆಲಸ ಒಂದೇ, ಬೆರಳಿನ ಚಲನೆ ಬೇರೆ ಬೇರೆ.

ಶಿಮಾನೊದಲ್ಲಿ ಬ್ರೇಕ್ ಲಿವರನ್ನೇ ಒಳಗಡೆ ತಳ್ಳಿದರೆ ಹಿಂದಿನ ಗೇರು ಹಗುರವಾಗುತ್ತದೆ. ಅದರ ಹಿಂದಿನ ಸಣ್ಣ ಲಿವರ್ ಒತ್ತಿದರೆ ಭಾರವಾಗುತ್ತದೆ. ಕಲಿಯುವುದು ಸುಲಭ. ಆದರೆ ಜೋರಾಗಿ ಬ್ರೇಕ್ ಹಿಡಿದಿರುವಾಗ ಅದೇ ಲಿವರನ್ನು ಪಕ್ಕಕ್ಕೆ ತಳ್ಳುವುದು ಕಷ್ಟ. ಚೋರ್ಲಾ ಘಾಟಿನಲ್ಲಿ ಇಳಿಯುತ್ತಾ, ತಿರುವಿನಾಚೆ ಏರು ಇದೆ ಅಂತ ಗೊತ್ತಿದ್ದು, ಬ್ರೇಕ್ ಬಿಡದೆ ಗೇರು ಹಗುರ ಮಾಡಬೇಕು ಅನ್ನಿಸಿದಾಗ ಇದು ತಿಳಿಯುತ್ತದೆ.

ಎಸ್‌ರ್‍ಯಾಮ್‌ನಲ್ಲಿ ಬ್ರೇಕ್ ಲಿವರ್ ಪಕ್ಕಕ್ಕೆ ಅಲುಗುವುದಿಲ್ಲ. ಹಿಂದಿನ ಒಂದೇ ಪ್ಯಾಡಲ್ ಸ್ವಲ್ಪ ಒತ್ತಿದರೆ ಭಾರ, ಉದ್ದಕ್ಕೆ ಒತ್ತಿದರೆ ಹಗುರ. ಒಂದು ತೊಂದರೆ ಹೇಳಲೇಬೇಕು. ಈಗಾಗಲೇ ಅತಿ ಹಗುರ ಗೇರಿನಲ್ಲಿದ್ದು, ಇನ್ನೊಂದು ಇದೆ ಅಂದುಕೊಂಡು ಒತ್ತಿದರೆ, ಗೇರು ಒಂದು ಮೆಟ್ಟಿಲು ಭಾರವಾಗುತ್ತದೆ. ಕಾಲು ಸೋತ ಹೊತ್ತಿನಲ್ಲಿ ಇದು ಸಿಟ್ಟು ತರಿಸುತ್ತದೆ. ಕ್ಯಾಂಪನ್ಯೋಲೊದಲ್ಲಿ ಪ್ಯಾಡಲ್ ಹಗುರಕ್ಕೆ, ಒಳಬದಿಯ ಹೆಬ್ಬೆರಳು ಗುಂಡಿ ಭಾರಕ್ಕೆ. ಕೈಗೆ ಬಹಳ ಚೆಂದ ಕೂರುತ್ತದೆ, ಒಳಗಿನ ಭಾಗ ಬಿಚ್ಚಿ ರಿಪೇರಿಯನ್ನೂ ಮಾಡಬಹುದು. ಆದರೆ ನಮ್ಮ ಕಡೆ ಆ ಭಾಗ ತಂದುಕೊಡುವವರು ಯಾರು? ಮನಸ್ಸಿಗೆ ಹಿಡಿಸಿದರೂ ನಾನು ಬೇಡ ಅನ್ನುತ್ತೇನೆ.

ಹಾಗಾಗಿ ಹೆಚ್ಚಿನವರಿಗೆ ಉಳಿಯುವುದು ಶಿಮಾನೊ ಏಣಿ. ಟೂರ್ನಿ 7 ಸ್ಪೀಡ್, ಕ್ಲಾರಿಸ್ 8, ಸೋರಾ 9, ಟಿಯಾಗ್ರಾ 10, 105 ಹಿಂದೆ 11 ಇತ್ತು, ಈಗ 12. ಮೇಲೆ ಹೋದಂತೆ ಗೇರುಗಳ ನಡುವಿನ ಅಂತರ ಕಿರಿದಾಗುತ್ತದೆ, ಒತ್ತುವುದು ಹಗುರವಾಗುತ್ತದೆ. ಅದರ ಜೊತೆಗೆ ಚೈನು, ಕ್ಯಾಸೆಟ್ (ಹಿಂದಿನ ಹಲ್ಲುಗಾಲಿಗಳ ಜೋಡಣೆ) ಎಲ್ಲದರ ಬೆಲೆಯೂ ಏರುತ್ತದೆ. 8 ಸ್ಪೀಡಿನ ಚೈನು ದಪ್ಪ, ಅಗ್ಗ, ಸುಲಭವಾಗಿ ಸಿಗುತ್ತದೆ. 12ರ ಚೈನು ತೆಳು, ದುಬಾರಿ. ಧೂಳಿನಲ್ಲಿ ಚೈನು ಬೇಗ ಸವೆಯುವ ಊರಲ್ಲಿ ಈ ಖರ್ಚು ಪ್ರತಿ ವರ್ಷ ಬರುತ್ತದೆ.

ಟೂರ್ನಿಯಲ್ಲಿ ಭಾರದ ಗೇರಿಗೆ ಒಳಬದಿಯಲ್ಲಿ ಹೆಬ್ಬೆರಳು ಗುಂಡಿ ಇದೆ. ಹ್ಯಾಂಡಲಿನ ಕೆಳಗಿನ ಬಾಗು ಹಿಡಿದು ಸ್ಪ್ರಿಂಟ್ ಮಾಡುವಾಗ ಅದು ಹೆಬ್ಬೆರಳಿಗೆ ಸಿಗುವುದಿಲ್ಲ. ಸ್ಪರ್ಧೆ ಮಾಡುವ ಆಸೆ ಇದ್ದರೆ ಕನಿಷ್ಠ ಕ್ಲಾರಿಸ್ ಇರಲಿ. ಈಗಿನ ಕ್ಲಾರಿಸ್, ಸೋರಾಗಳಲ್ಲಿ ಮೇಲಿನ ದರ್ಜೆಯವುಗಳ ಹಾಗೇ ಎರಡು ಲಿವರ್ ಪದ್ಧತಿ ಇದೆ. ಹಿಂದೆ 34 ಹಲ್ಲಿನ ತನಕ ಕ್ಯಾಸೆಟ್ ಹಾಕಿದರೆ ಬೆಳಗಾವಿಯ ಘಾಟ್‌ಗಳಿಗೂ ಗೇರು ಸಾಲುತ್ತದೆ.

ಹೊಸದಾಗಿ ಶುರುಮಾಡುವವರಿಗೆ ನನ್ನ ಮಾತು ಸೋರಾ ಅಥವಾ ಟಿಯಾಗ್ರಾ. ರಾಜ್ಯಮಟ್ಟದಲ್ಲಿ ಗಂಭೀರವಾಗಿ ಸ್ಪರ್ಧಿಸುವವರಿಗೆ 105. ಗುಂಪಿನ ವೇಗಕ್ಕೆ ಕಾಲಿನ ಲಯ ಹೊಂದಿಸಲು ಹತ್ತಿರ ಹತ್ತಿರದ ಹಲ್ಲುಗಳು ಬೇಕು, ಆ ಲಾಭ ಅಲ್ಲಿ ನಿಜವಾಗಿ ಸಿಗುತ್ತದೆ. 105ರಿಂದ ಮೇಲೆ, ಅಲ್ಟೆಗ್ರಾ, ಡುರಾ-ಏಸ್‌ಗೆ ಹೋದರೆ ಮುಖ್ಯವಾಗಿ ತೂಕ ಇಳಿಯುತ್ತದೆ. ಆ ರೊಕ್ಕವನ್ನು ಒಳ್ಳೆಯ ಟೈರಿಗೆ, ಊಟಕ್ಕೆ, ಸ್ಪರ್ಧೆಯ ಪ್ರಯಾಣಕ್ಕೆ ಹಾಕಿದರೆ ಹೆಚ್ಚು ಫಲ.

ಅಂಗೈ ಸಣ್ಣ ಇರುವವರು, ಮುಖ್ಯವಾಗಿ ಹದಿಮೂರು ಹದಿನಾಲ್ಕರ ಮಕ್ಕಳು, ಒಂದು ವಿಷಯ ಗಮನಿಸಿ. ಲಿವರ್ ಹ್ಯಾಂಡಲಿನಿಂದ ಎಷ್ಟು ದೂರ ಇರಬೇಕು ಅಂತ ಹೊಂದಿಸುವ ಸ್ಕ್ರೂ ಇದೆಯಾ ನೋಡಿ. ಬ್ರೇಕಿಗೆ ಬೆರಳು ಸರಿಯಾಗಿ ಎಟುಕದ ಸೈಕಲನ್ನು, ಎಷ್ಟೇ ಕಡಿಮೆಗೆ ಸಿಕ್ಕರೂ, ಮಕ್ಕಳಿಗೆ ಕೊಡಿಸಬೇಡಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರುವ ಲಿವರ್‌ಗಳ ಒಳಗೆ ಎಣ್ಣೆಯ ತೊಟ್ಟಿಯೂ ಇರುತ್ತದೆ. ಬೆಳಗಾವಿಯ ಮಳೆಯಲ್ಲಿ ಆ ಬ್ರೇಕ್ ಬಂಗಾರ. ಆದರೆ ಗಾಳಿ ಸೇರಿದರೆ ಎಣ್ಣೆ ಬದಲಿಸಲು ಗೊತ್ತಿರುವ ಕೈ ಬೇಕು, ಬಿದ್ದು ಲಿವರ್ ಒಡೆದರೆ ಖರ್ಚು ದೊಡ್ಡದು.

ಹಳೆಯ ಎಸ್‌ಟಿಐ ಕೊಳ್ಳುವಾಗ

ನಮ್ಮ ಕಡೆ ಅನೇಕರ ಮೊದಲ ರೋಡ್ ಬೈಕ್ ಸೆಕೆಂಡ್ ಹ್ಯಾಂಡ್. ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಿಂದಿನ ಚಕ್ರ ಎತ್ತಿ, ಪೆಡಲ್ ತಿರುಗಿಸುತ್ತಾ ಒಂದೊಂದೇ ಗೇರು ಮೇಲಕ್ಕೂ ಕೆಳಕ್ಕೂ ಬದಲಿಸಿ. ಲಿವರ್ ತಳ್ಳಿದಾಗ ಏನೂ ಹಿಡಿಯದೆ ಸುಮ್ನೆ ಜಾರಿದರೆ ಗಾಬರಿ ಬೇಡ. ಒಳಗಿನ ಗ್ರೀಸ್ ಗಟ್ಟಿಯಾಗಿ, ಹಲ್ಲು ಹಿಡಿಯುವ ಸಣ್ಣ ಕೊಕ್ಕೆಗಳು ಅಂಟಿಕೊಂಡಿರುತ್ತವೆ. ಬಹಳ ದಿನ ಮೂಲೆಯಲ್ಲಿ ನಿಂತ ಸೈಕಲ್‌ಗಳಲ್ಲಿ ಇದು ಸಾಮಾನ್ಯ. ಡಬ್ಲ್ಯೂಡಿ-40 ಥರದ ಸ್ಪ್ರೇ ಒಳಗೆ ಹೊಡೆದು, ಲಿವರನ್ನು ಮತ್ತೆ ಮತ್ತೆ ಆಡಿಸಿ, ಕೊಳೆ ಹೊರಬಂದ ಮೇಲೆ ತೆಳು ಎಣ್ಣೆ ಬಿಟ್ಟರೆ ಹೆಚ್ಚಿನವು ಜೀವ ಹಿಡಿಯುತ್ತವೆ. ಹಾಗೆ ಮಾಡಿದರೂ ಹಿಡಿಯದಿದ್ದರೆ ಒಳಗೆ ಸವೆದಿದೆ ಅಂತ ಅರ್ಥ. ಶಿಮಾನೊ ಎಸ್‌ಟಿಐ ಒಳಭಾಗವನ್ನು ಬಿಡಿಬಿಡಿಯಾಗಿ ಕೊಂಡು ರಿಪೇರಿ ಮಾಡಲು ಆಗುವುದಿಲ್ಲ, ಇಡೀ ಲಿವರ್ ಬದಲಿಸಬೇಕು. ಬೆಲೆ ಮಾತಾಡುವ ಮೊದಲೇ ಈ ಪರೀಕ್ಷೆ ಮಾಡಿ.

ಎರಡನೆಯದು ಕೇಬಲ್. 11 ಸ್ಪೀಡಿನ ಶಿಮಾನೊ ಲಿವರ್‌ಗಳಲ್ಲಿ ಕೇಬಲ್ ತಲೆಯ ಹತ್ತಿರ ಬಿಗಿಯಾಗಿ ಬಾಗುತ್ತದೆ. ಅಲ್ಲಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗಿಂದ ಕಾಣುವುದಿಲ್ಲ. ನಿನ್ನೆ ತನಕ ಸರಿ ಬೀಳುತ್ತಿದ್ದ ಗೇರು ದಿಢೀರನೆ ತಡಮಾಡಿದರೆ, ಎಷ್ಟು ಟ್ಯೂನ್ ಮಾಡಿದರೂ ನಿಲ್ಲದಿದ್ದರೆ, ಕೇಬಲ್ ಹೋಗುತ್ತಿದೆ. ಪೂರ್ತಿ ತುಂಡಾದರೆ ತಲೆ ಲಿವರ್ ಒಳಗೇ ಸಿಕ್ಕಿಕೊಳ್ಳುತ್ತದೆ, ಅದನ್ನು ಹೊರತೆಗೆಯುವುದೇ ಒಂದು ಕೆಲಸ. ಹೆಚ್ಚು ಹೊಡೆಯುವವರು ವರ್ಷಕ್ಕೊಮ್ಮೆಯಾದರೂ ಕೇಬಲ್, ಹೊರಕೊಳವೆ ಎರಡನ್ನೂ ಬದಲಿಸಿ.

ದಾರಿಯಲ್ಲೇ ತುಂಡಾದರೆ ಡಿರೇಲರ್ ಸ್ಪ್ರಿಂಗ್ ಎಳೆತಕ್ಕೆ ಚೈನು ಅತಿ ಸಣ್ಣ ಹಲ್ಲುಗಾಲಿಗೆ, ಅಂದರೆ ಅತಿ ಭಾರದ ಗೇರಿಗೆ ಬಂದು ನಿಲ್ಲುತ್ತದೆ. ಆಗ ಡಿರೇಲರಿನ ‘ಎಚ್’ ಸ್ಕ್ರೂ ಒಳಗೆ ಬಿಗಿಮಾಡುತ್ತಾ ಬನ್ನಿ. ಚೈನು ಒಂದೆರಡು ಹಲ್ಲುಗಾಲಿ ಒಳಗೆ ಸರಿದು ನಿಲ್ಲುತ್ತದೆ. ಮುಂದೆ ಪೆಡಲ್ ಬಳಿಯ ಹಲ್ಲುಗಾಲಿಗಳಲ್ಲಿ (ಚೈನ್‌ರಿಂಗ್) ಸಣ್ಣದಕ್ಕೆ ಚೈನು ಹಾಕಿಕೊಂಡರೆ ಎದುರುಗಾಳಿಯಲ್ಲೂ ಊರು ಸೇರಬಹುದು.

ಹಳೆಯ ಸೈಕಲಿಗೆ ಹೊಸ ಶಿಫ್ಟರ್ ಹಾಕುವವರಿಗೆ

ಬೋಲ್ಟಿಗೆ ತಕ್ಕ ನಟ್ಟು ಇರುವ ಹಾಗೆ, ಡಿರೇಲರ್‌ಗೆ ತಕ್ಕ ಶಿಫ್ಟರ್ ಬೇಕು. ಒಂದು ಕ್ಲಿಕ್ಕಿಗೆ ಕೇಬಲ್ ಎಷ್ಟು ಎಳೆಯುತ್ತದೆ ಅನ್ನುವುದು ಕಂಪನಿಯಿಂದ ಕಂಪನಿಗೆ, ತಲೆಮಾರಿನಿಂದ ತಲೆಮಾರಿಗೆ ಬೇರೆ. ಶಿಮಾನೊದ 8, 9 ಮತ್ತು ಹಳೆಯ 10 ಸ್ಪೀಡಿನ ರೋಡ್ ಡಿರೇಲರ್‌ಗಳು ಪರಸ್ಪರ ಹೊಂದುತ್ತವೆ. ಆದರೆ ಟಿಯಾಗ್ರಾ 4700 ಹತ್ತೇ ಸ್ಪೀಡ್ ಇದ್ದರೂ ಹಳೆಯ 10ರ ಜೊತೆ ಸೇರುವುದಿಲ್ಲ, ಅದರ ಲೆಕ್ಕ 11 ಸ್ಪೀಡಿನದು. 1984ರಿಂದ ಬಂದ ಹಳೆಯ 7400 ಸಾಲಿನ ಡುರಾ-ಏಸ್ ಡಿರೇಲರ್ ಸಿಕ್ಕಿದ್ದರೆ ಅದೂ ಬೇರೆಯೇ. 2023ರಲ್ಲಿ ಬಂದ ಶಿಮಾನೊದ ಕ್ಯೂಸ್ ಸಾಲನ್ನು ಇವುಗಳ ಜೊತೆ ಬೆರೆಸಬೇಡಿ. ಡಿರೇಲರ್ ಹಿಂಬದಿಯಲ್ಲಿ ಮಾಡೆಲ್ ನಂಬರ್ ಕೆತ್ತಿರುತ್ತಾರೆ. ಅದರ ಫೋಟೊ ಇಟ್ಟುಕೊಂಡೇ ಅಂಗಡಿಗೆ ಹೋಗಿ.

ತೈವಾನಿನ ಮೈಕ್ರೊಶಿಫ್ಟ್ ಶಿಮಾನೊಗೆ ಹೊಂದುವ ಲಿವರ್ ಮಾಡುತ್ತದೆ. ಬ್ರೇಕ್ ಲಿವರ್ ಅಲುಗದೆ, ಹಿಂದೆ ಎರಡು ಗುಂಡಿಗಳಿರುವ ರೀತಿ. ಹಳೆಯ 8, 9 ಸ್ಪೀಡ್ ಸೈಕಲಿಗೆ ಕಡಿಮೆ ಖರ್ಚಿನ ಒಳ್ಳೆಯ ದಾರಿ. ಚೀನಾದ ಸೆನ್ಸಾ, ಎಲ್‌ಟ್ವೂ ಲಿವರ್‌ಗಳೂ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಹೊಂದುವ ಡಿರೇಲರ್ ಯಾವುದು ಅಂತ ಓದಿ, ಡಿರೇಲರ್ ಸಮೇತ ಸೆಟ್ ಆಗಿ ತಗೊಳ್ಳುವುದು ಕ್ಷೇಮ.

ಎಲೆಕ್ಟ್ರಾನಿಕ್

2009ರಲ್ಲಿ ಶಿಮಾನೊದ ಎಲೆಕ್ಟ್ರಾನಿಕ್ ಪದ್ಧತಿ ಡುರಾ-ಏಸ್ ಡಿಐ2, 2015ರಲ್ಲಿ ತಂತಿಯೇ ಇಲ್ಲದ ಎಸ್‌ರ್‍ಯಾಮ್ ರೆಡ್ ಇಟ್ಯಾಪ್, 2022ರಲ್ಲಿ 105 ಡಿಐ2. ಗುಂಡಿ ಒತ್ತಿದರೆ ಡಿರೇಲರಿನ ಮೋಟರ್ ಗೇರು ಬದಲಿಸುತ್ತದೆ. ಕೇಬಲ್ ಇಲ್ಲ. ಧೂಳು ಸೇರುವ ಕೊಳವೆ ಇಲ್ಲ, ತುಕ್ಕು ಹಿಡಿಯುವ ತಂತಿ ಇಲ್ಲ. ಈ ಒಂದು ಕಾರಣಕ್ಕೆ ನಮ್ಮ ಹವೆಗೆ ಇದು ನಿಜಕ್ಕೂ ಒಗ್ಗುತ್ತದೆ. ಬೆರಳಲ್ಲಿ ಬಲ ಕಡಿಮೆ ಇರುವವರಿಗೆ, ಕೀಲು ನೋವಿರುವವರಿಗೆ ದೊಡ್ಡ ಸಹಾಯ. ಎಸ್‌ರ್‍ಯಾಮ್‌ನಲ್ಲಿ ಬಲ ಗುಂಡಿ ಭಾರಕ್ಕೆ, ಎಡ ಗುಂಡಿ ಹಗುರಕ್ಕೆ, ಎರಡೂ ಒಟ್ಟಿಗೆ ಒತ್ತಿದರೆ ಮುಂದಿನ ಚೈನ್‌ರಿಂಗ್. ಇದಕ್ಕಿಂತ ಸರಳ ಇನ್ನೊಂದಿಲ್ಲ.

ಚಾರ್ಜ್ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ಹೆದರುತ್ತಾರೆ. ಡಿಐ2 ಬ್ಯಾಟರಿ ಸುಮಾರು ಸಾವಿರ ಕಿಲೋಮೀಟರ್, ಎಸ್‌ರ್‍ಯಾಮ್ ಬ್ಯಾಟರಿ ಸುಮಾರು 60 ಗಂಟೆ ಸವಾರಿ ಬರುತ್ತದೆ. ಎಸ್‌ರ್‍ಯಾಮ್‌ನಲ್ಲಿ ಹಿಂದಿನದು ಮುಗಿದರೆ ಮುಂದಿನದನ್ನು ಕಿತ್ತು ಹಾಕಿಕೊಳ್ಳಬಹುದು. ಅದರ ಲಿವರಿನೊಳಗಿನ ಸಿಆರ್2032 ನಾಣ್ಯದ ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ. 12 ಸ್ಪೀಡಿನ ಡಿಐ2 ಲಿವರಿಗೆ ಬೇಕಾದ ಸಿಆರ್1632 ಹುಡುಕಬೇಕಾಗುತ್ತದೆ, ಎರಡು ತಂದಿಟ್ಟುಕೊಳ್ಳಿ.

ನಿಜವಾದ ಅಡ್ಡಿ ಬೇರೆ. ಬಿದ್ದು ಡಿರೇಲರ್ ಮುರಿದರೆ ಮೋಟರ್ ಸಮೇತ ಹೋಯಿತು. ಆ ಒಂದು ಭಾಗದ ಬೆಲೆಗೆ ಮೆಕ್ಯಾನಿಕಲ್ ಡಿರೇಲರ್ ಹಲವು ಬರುತ್ತವೆ. ಗುಂಪು ಸ್ಪರ್ಧೆ ಅಂದಮೇಲೆ ಬೀಳುವುದು ಇದ್ದದ್ದೇ. ಮನೆಯವರು ಸಾಲ ಮಾಡಿ ಸೈಕಲ್ ಕೊಡಿಸುತ್ತಿದ್ದರೆ, ಅಥವಾ ಸ್ಕಾಲರ್‌ಶಿಪ್ ರೊಕ್ಕ ಕೂಡಿಸಿ ಕೊಳ್ಳುತ್ತಿದ್ದರೆ, ಎಲೆಕ್ಟ್ರಾನಿಕ್ ಬೇಡ. ಮೆಕ್ಯಾನಿಕಲ್ 105ರಲ್ಲಿ ನಿಮ್ಮ ಕಾಲಿನ ಶಕ್ತಿಗೆ ಯಾವ ಅಡ್ಡಿಯೂ ಇಲ್ಲ. ಸ್ವಂತ ದುಡಿಮೆಯಿದ್ದು, ಒಂದು ಡಿರೇಲರ್ ಹೋದರೂ ಇನ್ನೊಂದು ತರಿಸುವಷ್ಟು ಅನುಕೂಲ ಇದ್ದರೆ, ವಾರಾಂತ್ಯಕ್ಕೆ ಬೆಳಗಾವಿಯಿಂದ ಘಾಟ್ ಹತ್ತಿಳಿಯುವವರಿಗೆ ನಾನು ಸಂತೋಷದಿಂದ ಹೌದು ಅನ್ನುತ್ತೇನೆ.

ಇನ್ನು ಡೌನ್‌ಟ್ಯೂಬ್ ಸೈಕಲ್ ಕೈಗೆ ಬಂದಿರುವ ಹುಡುಗರಿಗೆ: ಫ್ರೇಮ್ ಅಳತೆ ನಿಮಗೆ ಸರಿಯಾಗಿದ್ದರೆ ಅದನ್ನು ಮಾರಬೇಡಿ. ಈ ಹಂಗಾಮು ಅದರಲ್ಲೇ ಅಭ್ಯಾಸ ಮಾಡಿ. ಆಮೇಲೆ ಹಿಂದಿನ ಹಲ್ಲುಗಾಲಿ ಎಣಿಸಿ, ಡಿರೇಲರ್ ಮಾಡೆಲ್ ನೋಡಿ, ಅದಕ್ಕೆ ಹೊಂದುವ 8 ಅಥವಾ 9 ಸ್ಪೀಡಿನ ಲಿವರ್ ಹುಡುಕಿ. ಜೊತೆಗೆ ಡೌನ್‌ಟ್ಯೂಬಿನ ಆ ಲಿವರ್ ಕೂರುವ ಜಾಗಕ್ಕೆ ಹಾಕುವ ಕೇಬಲ್ ಸ್ಟಾಪ್ ಜೋಡಿಯನ್ನೂ ಕೇಳಿ ತನ್ನಿ. ಅದಿಲ್ಲದೆ ಹೊಸ ಕೇಬಲ್ ನಿಲ್ಲುವುದಿಲ್ಲ, ಅಂಗಡಿಯವರು ಹೇಳಲು ಮರೆಯುವುದೂ ಇದನ್ನೇ.